ಫ್ರಾನ್ಸಿನಿಂದ ಬಂದ ಹಾಡು

ಯಂಕೇಶನ ಅಂದಿನ ತಾಪತ್ರಯಕ್ಕೆಲ್ಲ ಮೂಲ ಒಂದು ಸಿಡಿ. ಹನುಮನಹಳ್ಳಿಯ ಗೆಸ್ಟ್ ಹೌಸಿಗೆ ಫ್ರಾನ್ಸಿನವನೊಬ್ಬ ಬಂದಿದ್ದ. ಊರಲ್ಲಿ ಯಾರನ್ನೋ ಹುಡುಕಿದ, ಹೆಸರು ಗೊತ್ತಿಲ್ಲದೆ ಕೈಸನ್ನೆಯಲ್ಲಿ ವಿಚಾರಿಸಿದ, ಅವರು ಸಿಗದಿದ್ದಾಗ ಸಿಡಿಯನ್ನು ಗೆಸ್ಟ್ ಹೌಸ್ ನೋಡಿಕೊಳ್ಳುವ ದುರಗೇಶನ ಕೈಗಿತ್ತು ಹೊರಟುಹೋದ. ದುರಗೇಶ ಅದಕ್ಕೆ ದಾರ ಕಟ್ಟಿ, ಕಾಗೆ ಬೆದರಲಿ ಎಂದು ಹಪ್ಪಳ ಒಣಹಾಕಿದ ಕಡೆ ತೂಗುಬಿಟ್ಟ. ಅಲ್ಲಿಂದ ಅದನ್ನು ಬಿಡಿಸಿಕೊಂಡು ಬಂದವನು ಅದೇ ಊರಿನ ಯಂಕೇಶ.

ಯಂಕೇಶ ಗಂಗಾವತಿಯ ‘ಗಾನತುಂಗಾ ಆರ್ಕೆಸ್ಟ್ರಾ’ದ ಹಾಡುಗಾರ. ಹತ್ತು ವರ್ಷಗಳಿಂದ ಸಿನಿಮಾ ಹಾಡುಗಳನ್ನು, ಅವನ್ನು ಮೊದಲು ಹಾಡಿದವರ ಧ್ವನಿಯಲ್ಲೇ ಹಾಡುತ್ತ ಬಂದಿದ್ದ. ಜನ ಬಂದು ಕೈಹಿಡಿದು, “ಥೇಟ್ ಅವರಂಗ ಹಾಡ್ತಿ ನೋಡಪಾ” ಎಂದು ಹೊಗಳುತ್ತಿದ್ದರು. ಮೊದಮೊದಲು ಹಿಗ್ಗುತ್ತಿದ್ದವನಿಗೆ ಈಚೆಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. ತನಗೂ ಒಂದು ಗಂಟಲಿದೆ ಎಂಬುದು ಯಾರಿಗೂ ನೆನಪಿಲ್ಲವಲ್ಲ ಎಂಬ ದುಃಖ.

ಸಿಡಿಯಲ್ಲಿ ಹಾಡಿದವರು ಫ್ರಾನ್ಸಿನ ನಾಲ್ಕು ಜನ. ಅವರಿಗೆ ಒಂದು ದೇಶ ಸಾಲದು. ಆಫ್ರಿಕಾದ ಡೋಲು, ಅರಬರ ಪಿಟೀಲು, ಇನ್ನೆಲ್ಲಿಯದೋ ಕೊಳಲು, ಎಲ್ಲವನ್ನೂ ಸಂತೆಯ ಚೀಲಕ್ಕೆ ತುಂಬಿದಂತೆ ತುಂಬಿದ್ದರು. ಅದರ ಕೊನೆಯ ಹಾಡು ಯಂಕೇಶನನ್ನು ಹಿಡಿದುಕೊಂಡಿತು. ಎಲ್ಲೋ ಕೇಳಿದಂತಿದ್ದರೂ ಎಲ್ಲಿಯೂ ಕೇಳದ ಹಾಡು. ತಿಂಗಳುಗಟ್ಟಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅದನ್ನೇ ಕೇಳಿದ. ವಾದ್ಯ ನಿಂತ ಕೂಡಲೇ ಬ್ಯಾಟರಿ ಸೆಲ್ಲು ಉಳಿಯಲೆಂದು ಪ್ಲೇಯರ್ ಬಂದ್ ಮಾಡುತ್ತಿದ್ದ.

ಅವನ ತಾಯಿ ಯಂಕವ್ವ ಗದ್ದೆ ಕೂಲಿಗೆ ಹೋಗುವವಳು. ಮನೆಯಲ್ಲಿ ಅಕ್ಕಿ ಹಸನು ಮಾಡುತ್ತ ಏನಾದರೂ ಗುನುಗುವಳು. ಅದು ಒಂದು ಸಾಲು ದಾಟುವುದರೊಳಗೆ ಯಂಕೇಶ ಇಯರ್‌ಫೋನ್ ಕಿತ್ತು, “ಅವ್ವಾ, ಸಾಕು ಮಾಡವ್ವಾ. ನಿನ್ನ ಹಾಡು ಯಾರು ಕೇಳ್ತಾರ?” ಎನ್ನುತ್ತಿದ್ದ. ಮೀಸೆ ಚಿಗುರಿದಾಗಿನಿಂದ ಅವನದು ಇದೇ ಮಾತು. ಯಂಕವ್ವ ಬೇಸರವಿಲ್ಲದೆ ನಿಲ್ಲಿಸುವಳು, ಅವನು ಹೊಸ್ತಿಲು ದಾಟಿದ ಮೇಲೆ ಮತ್ತೆ ಸುರುಮಾಡುವಳು.

ಆ ದಿನ ಬೆಳಿಗ್ಗೆ ಆರ್ಕೆಸ್ಟ್ರಾದ ಮಾಲೀಕ ಗವಿಸಿದ್ದಪ್ಪ ಎಲ್ಲರನ್ನೂ ಕೂಡಿಸಿದ. ಮಧ್ಯಾಹ್ನ ಕಾರಟಗಿಯಲ್ಲಿ ರೈಸ್ ಮಿಲ್ಲಿನ ಹನುಮಂತಪ್ಪನವರ ಮಗನ ಮದುವೆ ಕಾರ್ಯಕ್ರಮ. ಸಿನಿಮಾ ಹಾಡು ಕೇಳಿ ಕೇಳಿ ಕಿವಿ ತೂತು ಬಿದ್ದಾವೆ, ಯಾರೂ ಕೇಳದ ಒಂದು ಹಾಡಾದರೂ ಬೇಕು ಎಂಬುದು ಅವರ ಷರತ್ತು. ಇಷ್ಟು ಹೇಳಿ ಗವಿಸಿದ್ದಪ್ಪ ಇನ್ನೊಂದು ಮಾತು ಸೇರಿಸಿದ.

“ಇಬ್ಬರು ಹಾಡೋರ್ನ ಇಟಗೊಳ್ಳೋದು ನನ್ನ ಕೈಲೆ ಆಗವಲ್ದು. ಇವತ್ತು ಯಾರು ಮಾನ ಉಳಸ್ತೀರೋ, ಅವರು ಉಳೀತೀರಿ.”

ಇನ್ನೊಬ್ಬ ಹಾಡುಗಾರ ಅಯ್ಯಪ್ಪ. ಅವನು ಯಾರು ಸಿಕ್ಕರೂ ಅವರ ದನಿ ಅಣಕಿಸಬಲ್ಲವನೇ ಹೊರತು ಅವನಲ್ಲಿ ಹೊಸ ಹಾಡಿರಲಿಲ್ಲ. ಯಂಕೇಶ ಎದ್ದುನಿಂತು, “ನಂದೊಂದು ಸ್ವಂತ ಹಾಡು ಐತ್ರಿ” ಎಂದ. ‘ಸ್ವಂತ’ ಎನ್ನುವಾಗ ನಾಲಿಗೆ ಸ್ವಲ್ಪ ತೊಡರಿತು. ಆದರೆ ಧಾಟಿಗೆ ಕನ್ನಡದ ಮಾತು ಕಟ್ಟಿದವನು ತಾನೇ, ಫ್ರಾನ್ಸಿನವರೇನು ಕಾರಟಗಿಗೆ ಬಂದು ಕೇಳುತ್ತಾರೆಯೇ ಎಂದು ಸಮಾಧಾನ ಮಾಡಿಕೊಂಡ.

ತಾಲೀಮು ಸುರುವಾಯಿತು. ಸಿಡಿಯಲ್ಲಿದ್ದಂತೆಯೇ ಡೋಲು ಬಾರಿಸಿದ್ದೇ ತಡ, ಪಕ್ಕದ ಮನೆಯ ರಾಜಾಬೀ ಓಡಿಬಂದಳು. ಇದು ಮೊಹರಮ್ಮಿನಲ್ಲಿ ಕೆಂಡದ ಅಲಾಯಿ ಕುಣಿಯ ಸುತ್ತ ಹಾಕುವ ಹೆಜ್ಜೆಯ ಪೆಟ್ಟು, ಶೋಕದ ಆ ದಿನಗಳಲ್ಲಿ ನಾವು ಮದುವೆಯನ್ನೇ ಮಾಡುವುದಿಲ್ಲ, ಅಂಥದ್ದನ್ನು ಮದುವೆ ಚಪ್ಪರದಲ್ಲಿ ಬಾರಿಸುತ್ತೀರಾ ಎಂದು ಕೇಳಿದಳು. ಇದು ಆಫ್ರಿಕಾದ್ದು ಎನ್ನಲು ಯಂಕೇಶನಿಗೆ ಬಾಯಿಲ್ಲ, ಹಾಡು ಸ್ವಂತದ್ದಲ್ಲವೇ. ಗವಿಸಿದ್ದಪ್ಪ ಡೋಲು ತೆಗೆಸಿದ.

ಟೆಂಪೋದಲ್ಲಿ ಕಾರಟಗಿಗೆ ಹೋಗುವಾಗ ಯಂಕೇಶ ಪಿಟೀಲಿನವನಿಗೆ ನಡುವಿನ ಭಾಗ ಹೇಳಿಕೊಡುತ್ತಿದ್ದ. ಡ್ರೈವರ್ ಓಬಳೆಪ್ಪ ಗಕ್ಕನೆ ಬ್ರೇಕ್ ಹಾಕಿದ. ಅವನು ಭಜನಾ ಮಂಡಳಿಯವನು, ಊರಿನಲ್ಲಿ ಯಾರು ಸತ್ತರೂ ಹೆಣದ ಮುಂದೆ ತಾಳ ಹಿಡಿಯುವವನು.

“ಇದು ಹೆಣದ ಮುಂದ ಹಾಡೋ ಧಾಟಿ ಐತ್ರಿ. ಇದನ್ನ ಕೇಳಿದ್ರ ಬೀಗರು ಗಾಡಿ ಸಮೇತ ನಮ್ಮನ್ನ ಹುಗೀತಾರ,” ಎಂದ ಗವಿಸಿದ್ದಪ್ಪನಿಗೆ.

ಪಿಟೀಲೂ ಹೋಯಿತು. ಮಿಲ್ಲಿನ ಅಂಗಳ ಮುಟ್ಟುವ ಹೊತ್ತಿಗೆ ಹಾಡು ಗರಿ ಕಿತ್ತ ಕೋಳಿಯಂತಾಗಿ, ಬರೀ ಧಾಟಿ ಮಾತ್ರ ಉಳಿದಿತ್ತು.

ಅಕ್ಷತೆ ಬಿದ್ದು ಊಟದ ಪಂಕ್ತಿ ಕೂತಿತ್ತು. ಯಂಕೇಶ ಕಣ್ಣುಮುಚ್ಚಿ, ಯಾರ ಧ್ವನಿಯನ್ನೂ ಹಚ್ಚಿಕೊಳ್ಳದೆ ಹಾಡಿದ. ಮೊದಲ ಸಾಲಿಗೆ ಜನ ತಲೆಯೆತ್ತಿದರು. ಎರಡನೆಯ ಸಾಲಿಗೆ ಹಿಂದೆ ಹೋಳಿಗೆ ಬೇಯಿಸುತ್ತಿದ್ದ ಹೆಂಗಸರು ದನಿಗೂಡಿಸಿದರು. ಆದರೆ ಅವನ ಮಾತುಗಳಿಗಲ್ಲ. “ಸಾಲು ಹಿಡಿ ತಂಗಿ ಸಾಲು ಹಿಡಿ, ಹೊತ್ತು ಮುಣುಗೋದ್ರೊಳಗ ಸಾಲು ಹಿಡಿ” ಎಂದು ಗದ್ದೆಯಲ್ಲಿ ಸಸಿ ನಾಟಿ ಹಚ್ಚುವಾಗಿನ ಹಾಡು ಅವರದು. ಧಾಟಿ ಕೂದಲೆಳೆಯಷ್ಟೂ ತಪ್ಪದೆ ಒಂದೇ ಆಗಿತ್ತು.

ಹನುಮಂತಪ್ಪ ಬಡಿಸುವುದನ್ನು ಬಿಟ್ಟು ವೇದಿಕೆಯ ಹತ್ತಿರ ಬಂದರು. “ಯಾರೂ ಕೇಳದ ಹಾಡು ಅಂದಿದ್ದಿ ಗವಿಸಿದ್ದಪ್ಪಾ. ಇದು ಹೋಳಿಗಿ ಮಾಡೋ ಹೆಣ್ಮಕ್ಕಳಿಗೆಲ್ಲ ಬರತೈತಲ್ಲೋ,” ಎಂದರು. ಗವಿಸಿದ್ದಪ್ಪ ಯಂಕೇಶನ ಮುಖ ನೋಡಿದ. ಅನ್ನ ಹೋಗುವ ಹೊತ್ತು ಬಂತೆಂದು ಯಂಕೇಶನಿಗೆ ಗೊತ್ತಾಯಿತು. ಈಗ ಸತ್ಯವೊಂದೇ ದಾರಿ. ಹಾಡು ತನ್ನದಲ್ಲ, ಫ್ರಾನ್ಸಿನದು ಎಂದ. ಜನ ನಕ್ಕರು. ಕಳ್ಳತನ ಸಿಕ್ಕಿಬಿದ್ದ ಮೇಲೆ ಫ್ರಾನ್ಸಂತೆ ಎಂದರು. ಅವನು ಚೀಲದಿಂದ ಸಿಡಿ ತೆಗೆದು ಮೈಕ್ ಸೆಟ್ಟಿನವನಿಗೆ ಕೊಟ್ಟು, ಕೊನೆಯ ಹಾಡು ಹಾಕಿಸಿದ.

ಹಾಡು ಮೊಳಗಿತು. ಫ್ರಾನ್ಸಿನವರೇ ನಮ್ಮದನ್ನು ಕದ್ದಿದ್ದಾರೆಂದು ಕೆಲವರು, ಯಂಕೇಶನೇ ಕೊಟ್ಟು ಕಳಿಸಿರಬೇಕೆಂದು ಕೆಲವರು, ಊಟ ಬಿಟ್ಟು ವಾದಕ್ಕೆ ನಿಂತರು. ಹಾಡು ಮುಗಿದದ್ದನ್ನು ಯಾರೂ ಗಮನಿಸಲಿಲ್ಲ, ಸಿಡಿಯನ್ನು ಯಾರೂ ನಿಲ್ಲಿಸಲಿಲ್ಲ. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಅದು ಸುಮ್ಮನೆ ತಿರುಗಿತು.

ಆಮೇಲೆ ಸ್ಪೀಕರಿನಿಂದ ಕೆಸರು ತುಳಿಯುವ ಸದ್ದು, ಬಳೆಗಳ ಸದ್ದು ಬಂತು. ಯಾವ ವಾದ್ಯವೂ ಇಲ್ಲದೆ ಒಂದು ಹೆಣ್ಣುದನಿ ‘ಸಾಲು ಹಿಡಿ ತಂಗಿ’ ಎಂದು ಎತ್ತಿಕೊಂಡಿತು. ವಾದಕ್ಕೆ ನಿಂತವರು ಸ್ಪೀಕರಿನ ಹತ್ತಿರ ಸರಿದರು. ಅಂಥ ದನಿ. ದನಿ ಎರಡನೆಯ ಸಾಲಿಗೆ ಏರುವಾಗ ಒಬ್ಬ ಹುಡುಗನ ಸಿಡುಕು ಮಾತು ಅಡ್ಡ ಬಂತು.

“ಅವ್ವಾ, ಸಾಕು ಮಾಡವ್ವಾ. ನಿನ್ನ ಹಾಡು ಯಾರು ಕೇಳ್ತಾರ? ಬುತ್ತಿ ತಂದೀನಿ, ಉಣ್ಣು ಬಾ.”

ಅಲ್ಲಿಗೆ ಸಿಡಿ ಮುಗಿಯಿತು. ಈಗಷ್ಟೇ ಹಾಡಿದವನದೇ ಆ ಸಿಡುಕು ದನಿ ಎಂದು ಎಲ್ಲರೂ ಯಂಕೇಶನತ್ತ ತಿರುಗಿದರು. ಅವನಿಗೀಗ ನೆನಪಾಯಿತು. ವರ್ಷಗಳ ಹಿಂದೆ ಅವ್ವನಿಗೆ ಬುತ್ತಿ ಒಯ್ದಾಗ ಗದ್ದೆಯ ಬದುವಿನ ಮೇಲೆ ಬಿಳಿಯರಿಬ್ಬರು ಯಂತ್ರ ಹಿಡಿದು ನಿಂತಿದ್ದರು. ಜಮೀನು ಅಳೆಯುವವರೆಂದು ಅವನು ತಿಳಿದಿದ್ದ. ಹಾಡಿದವಳು ತನ್ನ ಅವ್ವ, ಸಿಡುಕಿದವನು ತಾನೇ ಎಂದು ನಾಚುತ್ತ ಒಪ್ಪಿಕೊಂಡ.

ಹನುಮಂತಪ್ಪನವರು ಮಾತ್ರ ಖುಷಿಯಾಗಿದ್ದರು. ತಮ್ಮ ಸೀಮೆಯ ಹಾಡು ಫ್ರಾನ್ಸ್ ನೋಡಿಕೊಂಡು ಬಂದಿದೆ, ನಾಳೆ ಬೀಗರೂಟಕ್ಕೆ ಆ ಹೆಣ್ಣುಮಗಳನ್ನೇ ಕರೆತನ್ನಿ ಎಂದರು. ಗವಿಸಿದ್ದಪ್ಪ ಟೆಂಪೋವನ್ನು ನೆಟ್ಟಗೆ ಹನುಮನಹಳ್ಳಿಗೆ ಬಿಡಿಸಿದ. ಯಂಕವ್ವ ಎಲ್ಲ ಕೇಳಿ, “ನಮ್ಮ ಹುಡುಗ ಬೈಲಿಲ್ಲಂದ್ರ ಹಾಡ್ತೀನ್ರಿ” ಎಂದಳು. ಯಂಕೇಶ ತಲೆತಗ್ಗಿಸಿ, “ಹಾಡವ್ವಾ” ಎಂದ.

“ಬೈಬೇಕವಾ, ಅದಽ ಮಜಾ ಐತಿ,” ಎಂದ ಗವಿಸಿದ್ದಪ್ಪ. “ಯಂಕೇಶಾ, ನೀನೂ ಉಳೀತಿ. ಅವ್ವ ಎರಡನೇ ಸಾಲಿಗೆ ಬಂದಕೂಡ್ಲೇ ಆ ಮಾತು ಅನ್ನು. ಸಿಡಿಯಾಗ ಇದ್ದಂಗ ಬರಬೇಕು.”

ಯಂಕೇಶನಿಗೆ ಹೋದ ಜೀವ ಬಂದಂತಾಯಿತು. ಯಂಕವ್ವ ಹಾಡಿದಳು, ಅವನು ಮಾತು ಅಂದ. ಮೆತ್ತಗಾಯಿತು ಎಂದ ಗವಿಸಿದ್ದಪ್ಪ. ಯಂಕೇಶ ಮತ್ತೊಮ್ಮೆ ಅಂದ, ಅಳು ಬಂದಂತಿದೆ ಎಂದ ಮಾಲೀಕ. ಮೂರನೆಯ ಸಲವೂ ಆ ಸಿಡುಕು ಬರಲಿಲ್ಲ. ಅವ್ವನ ದನಿ ಕೇಳುತ್ತ ಅವನಿಗೆ ಸಿಡುಕಲು ಆಗುತ್ತಿರಲಿಲ್ಲ.

ಆಗ ಬಾಗಿಲ ಬಳಿ ನಿಂತಿದ್ದ ಅಯ್ಯಪ್ಪ ಗಂಟಲು ಸರಿಮಾಡಿಕೊಂಡು, “ಅವ್ವಾ, ಸಾಕು ಮಾಡವ್ವಾ” ಎಂದ. ಯಂಕವ್ವ ಬೆಚ್ಚಿ ಹಾಡು ನಿಲ್ಲಿಸಿ ಮಗನ ಕಡೆ ನೋಡಿದಳು.

ಗವಿಸಿದ್ದಪ್ಪ ಅಯ್ಯಪ್ಪನ ಬೆನ್ನು ತಟ್ಟಿ, “ಥೇಟ್ ಯಂಕೇಶನಂಗ ಅಂದಿ ನೋಡಪಾ. ನೀ ಉಳದಿ,” ಎಂದ.