ಸಿಡಿಲಣ್ಣನ ಕೊನೆಗಾಲ

ಆಸ್ಪತ್ರೆಯ ಆಯಾಗಳ ಸಮವಸ್ತ್ರ ಹೊಲಿದುಕೊಡುವ ಅವಸರದಲ್ಲಿ ಟೈಲರ್ ಮೊದಲ ದಿನದ ಸಿನಿಮಾ ತಪ್ಪಿಸಿಕೊಂಡ. ಆದದ್ದೆಲ್ಲ ಅದರಿಂದಲೇ.

ಅದು ಸಿಡಿಲಣ್ಣನ ಕೊನೆಯ ಸಿನಿಮಾ. ಮೋಡದೊಳಗೆ ನುಗ್ಗಿ ಸಿಡಿಲನ್ನು ಬರಿಗೈಯಲ್ಲಿ ಹಿಡಿಯುವ ಆ ವೀರನನ್ನು ಟೈಲರ್ ಮೀಸೆ ಮೂಡುವ ವಯಸ್ಸಿನಿಂದ ನೋಡುತ್ತ ಬಂದಿದ್ದ. ಈಗ ಇಬ್ಬರಿಗೂ ತಲೆ ನರೆತಿತ್ತು. ಪೋಸ್ಟರಿನಲ್ಲಿ ಸಿಡಿಲಣ್ಣ ಮೊಣಕಾಲು ಹಿಡಿದುಕೊಂಡು ನಿಂತಿದ್ದ. ಇಷ್ಟು ಕಾಲ ಲೋಕ ಕಾಯ್ದವನನ್ನು ಕೊನೆಗೆ ಹೇಗೆ ಕಳಿಸಿಕೊಡುತ್ತಾರೆ? ಅದನ್ನು ತನ್ನ ಕಣ್ಣಿನಿಂದಲೇ ನೋಡಬೇಕು, ಯಾರ ಬಾಯಿಂದಲೂ ಕೇಳಬಾರದು ಎಂದು ಟೈಲರ್ ಹಟ ಹಿಡಿದಿದ್ದ. ಮಧ್ಯಾಹ್ನದ ಆಟಕ್ಕೆ ಹೆಂಡತಿಯೊಡನೆ ಹೋಗುವುದಿತ್ತು. ಅಲ್ಲಿಯವರೆಗೆ ಕಿವಿ ಕಾಪಾಡಿಕೊಂಡರೆ ಸಾಕಿತ್ತು.

ಆದರೆ ಬೀದಿಯವರೆಲ್ಲ ನಿನ್ನೆಯೇ ನೋಡಿ ಬಂದಿದ್ದರು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿದರು. ಮೊದಲು ಬಂದ ಪೋಸ್ಟ್‌ಮ್ಯಾನ್, ಹತ್ತಿರದವರನ್ನು ಕಳೆದುಕೊಂಡವನ ಮುಖ ಹೊತ್ತು, ಎರಡು ಕರ್ಚೀಫು ಒಯ್ದರೆ ಒಳ್ಳೆಯದು ಎಂದ. ಮುಂದೇನು ಹೇಳಿಬಿಡುತ್ತಾನೋ ಎಂದು ಹೆದರಿ ಟೈಲರ್ ಮಷೀನು ತುಳಿದ. ಹಳೆಯ ಮಷೀನು; ತಗಡಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದು. ಪೋಸ್ಟ್‌ಮ್ಯಾನಿನ ತುಟಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಉಪಾಯ ಚೆನ್ನಾಗಿತ್ತು. ಬ್ರೆಡ್ ಅಂಗಡಿಯವನು ಬಂದಾಗಲೂ ತುಳಿದ, ಡ್ರಿಲ್ ಮೇಷ್ಟ್ರು ಬಂದಾಗಲೂ ತುಳಿದ.

ಮಷೀನಿಗೆ ಇದೆಲ್ಲ ಗೊತ್ತಾಗುವುದಿಲ್ಲವಲ್ಲ. ಸೂಜಿಯ ಕೆಳಗೆ ಸಿಕ್ಕಿದ್ದನ್ನು ಅದು ಹೊಲಿಯುತ್ತ ಹೋಯಿತು. ಡ್ರಿಲ್ ಮೇಷ್ಟ್ರು ತಾವು ಹೊಲಿಯಲು ಕೊಟ್ಟಿದ್ದ ಪ್ಯಾಂಟನ್ನು ಎತ್ತಿ ನೋಡಿದಾಗ ಒಂದು ಕಾಲಿನ ತುದಿ ಪೂರ್ತಿ ಮುಚ್ಚಿಕೊಂಡಿತ್ತು.

“ಏನಯ್ಯಾ, ಇದಕ್ಕೆ ನಾನು ಕಾಲು ಹಾಕ್ಬೇಕೋ, ಕಾಳು ತುಂಬಬೇಕೋ?” ಎಂದು ಕೇಳಿದರು.

ನಾಳೆ ಬಿಚ್ಚಿಕೊಡುತ್ತೇನೆ, ಸಿನಿಮಾದ ಮಾತೊಂದು ಎತ್ತಬೇಡಿ ಎಂದು ಟೈಲರ್ ಕೈ ಮುಗಿದ.

ಮಧ್ಯಾಹ್ನ ಗಂಡ ಹೆಂಡತಿ ಸೈಕಲ್ಲಿನಲ್ಲಿ ಥಿಯೇಟರಿಗೆ ಹೋದರು. ಅಲ್ಲಿಯ ಸೈಕಲ್ ಸ್ಟ್ಯಾಂಡೆಂದರೆ ಎರಡು ಗೋಡೆಗಳ ನಡುವಿನ ಇಕ್ಕಟ್ಟು ಓಣಿ. ಒಬ್ಬರ ಹ್ಯಾಂಡಲು ಇನ್ನೊಬ್ಬರ ಪೆಡಲಿಗೆ ಸಿಕ್ಕಿಕೊಂಡು, ಹಿಂದುಳಿದವನು ಬಿಡಿಸಿಕೊಂಡು ಹೊರಬರುವಷ್ಟರಲ್ಲಿ ಸುಸ್ತಾಗುತ್ತಿದ್ದ. ಹಾಗಾಗಿ ವಿಲನ್ ನೆಲಕ್ಕೆ ಬಿದ್ದನೆಂದರೆ ಇಡೀ ಥಿಯೇಟರು ಎದ್ದು ಓಡುವುದು ಮೊದಲಿನಿಂದಲೂ ರೂಢಿ.

ಆ ದಿನವೂ ಹಾಗೇ ಆಯಿತು. ಮುದುಕನಾದ ಸಿಡಿಲಣ್ಣ ಏದುಸಿರು ಬಿಡುತ್ತ ಕೊನೆಯ ಸಿಡಿಲು ಹಿಡಿದ. ಕಾರ್ಖಾನೆಯ ದೊಡ್ಡ ಚಿಮಣಿ ಕುಸಿದು ವಿಲನ್ನನ್ನೂ ಅವನನ್ನೂ ಮುಚ್ಚಿತು. ತೆರೆಯ ತುಂಬ ಧೂಳು. ಜನ ಕಣ್ಣೊರೆಸಿಕೊಂಡೇ ಬಾಗಿಲಿಗೆ ನುಗ್ಗಿದರು. ಹೆಂಡತಿಯೂ ಸೈಕಲ್ ಕೀಲಿ ಇಸಿದುಕೊಂಡು ಹೋದಳು. ಟೈಲರ್ ಏಳಲಿಲ್ಲ. ಇಷ್ಟು ವರ್ಷದವನನ್ನು ಧೂಳಿನಲ್ಲಿ ಬಿಟ್ಟು ಹೋಗಲು ಅವನಿಗೆ ಕಾಲು ಬರಲಿಲ್ಲ.

ಧೂಳು ನಿಧಾನವಾಗಿ ಇಳಿಯಿತು. ಇಟ್ಟಿಗೆಗಳ ನಡುವಿನಿಂದ ಒಂದು ಕೈ ಹೊರಬಂತು. ಸಿಡಿಲಣ್ಣ ಎದ್ದು, ಹಾರಲಾಗದೆ, ಕುಂಟುತ್ತ ಮನೆ ಸೇರಿದ. ಅಲ್ಲಿ ಅವನ ಹೆಂಡತಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ತೊಟ್ಟಿಕ್ಕುತ್ತಿದ್ದ ನಲ್ಲಿಯತ್ತ ಕೈ ತೋರಿಸಿದಳು. ಮೋಡದ ಮೇಲೆ ನಿಲ್ಲುತ್ತಿದ್ದವನು ಗೋಡೆ ಹಿಡಿದುಕೊಂಡು ಸ್ಟೂಲು ಹತ್ತಿದ. ನಲ್ಲಿ ಬಿಗಿ ಮಾಡಿದ. ತೊಟ್ಟಿಕ್ಕುವುದು ನಿಂತಿತು. ಆಮೇಲೆ, ಅಷ್ಟು ಸಿನಿಮಾಗಳಲ್ಲಿ ಮೊದಲ ಸಲ, ಬಿಸಿಯಿರುವಾಗಲೇ ಊಟಕ್ಕೆ ಕೂತ. ಅಷ್ಟೇ.

ಖಾಲಿ ಥಿಯೇಟರಿನಲ್ಲಿ ಟೈಲರ್ ಎದ್ದು ನಿಂತು ಒಬ್ಬನೇ ಚಪ್ಪಾಳೆ ತಟ್ಟಿದ.

ಹೊರಗೆ ಹೆಂಡತಿ ಬಿಸಿಲಿನಲ್ಲಿ ಸೈಕಲ್ ಹಿಡಿದು ಕಾಯುತ್ತಿದ್ದಳು. ದಾರಿಯುದ್ದಕ್ಕೂ ಟೈಲರ್ ಒಂದೂ ಬಿಡದೆ ಹೇಳಿದ. ಅವಳು ಹಿಂದೆ ಕೂತು ಕೇಳಿದಳು.

“ಆ ಹೆಂಗಸು ಎಲ್ಲಾ ಸಿನಿಮಾದಲ್ಲೂ ಬಾಗಿಲಲ್ಲಿ ನಿಂತು ಕಾಯ್ತಾನೇ ಇರ್ತಿದ್ಲು,” ಎಂದಳು ಕೊನೆಗೆ. “ಅಂತೂ ಅವಳಿಗೂ ಗಂಡ ಸಿಕ್ಕಿದ ಅನ್ನಿ. ಇದಕ್ಕಿಂತ ಒಳ್ಳೆ ಮುಕ್ತಾಯ ಇನ್ನೇನಿದೆ?”

ಟೈಲರಿಗೆ ಸ್ವರ್ಗಕ್ಕೆ ಮೂರೇ ಗೇಣು. ಬೀದಿಯ ತಿರುವಿನಲ್ಲಿ, ಈ ಸುದ್ದಿ ಬ್ರೆಡ್ ಅಂಗಡಿಯವನ ಹೆಂಡತಿಗೆ ಹೇಳಿ ಬರುತ್ತೇನೆಂದು ಅವಳು ಸೈಕಲ್ಲಿನಿಂದ ಇಳಿದಾಗಲೂ ಅವನಿಗೆ ಸಂತೋಷವೇ ಆಯಿತು.

ಹೊತ್ತು ಮುಳುಗುವ ಮೊದಲೇ ಮೂವರೂ ಅಂಗಡಿಗೆ ಬಂದರು. ಪೋಸ್ಟ್‌ಮ್ಯಾನ್ ಮೊಣಕೈವರೆಗೆ ಒದ್ದೆ; ನೀರಿನ ತೊಟ್ಟಿ ತಿಕ್ಕುತ್ತಿದ್ದವನು ಹಾಗೇ ಎದ್ದು ಬಂದಿದ್ದ. ಬ್ರೆಡ್ ಅಂಗಡಿಯವನ ತಲೆಯಲ್ಲಿ ಜೇಡರ ಬಲೆ. ಡ್ರಿಲ್ ಮೇಷ್ಟ್ರ ಕೈಯಲ್ಲಿ ಸುತ್ತಿಗೆ.

“ಸಿಡಿಲಣ್ಣ ಸತ್ತಿಲ್ಲ, ಗೊತ್ತಾಯ್ತಾ?” ಎಂದ ಟೈಲರ್, ಮುಖವರಳಿಸಿ.

“ಗೊತ್ತಾಯ್ತು. ನಮ್ಮ ಹೆಂಡ್ತೀರಿಗೂ ಗೊತ್ತಾಯ್ತು,” ಎಂದರು ಮೇಷ್ಟ್ರು. “ನಿನ್ನೆ ಅವನು ಚಿಮಣಿ ಕೆಳಗೆ ಸತ್ತಿದ್ದ. ನಾವೂ ಅತ್ತು, ನೆಮ್ಮದಿಯಾಗಿ ಮಲಗಿದ್ವಿ. ಎಲ್ರೂ ಎದ್ದು ಬರೋವಾಗ ನಿಂಗೇನಯ್ಯಾ ದಾಡಿ? ಅವನು ಸತ್ತೇ ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಆ ಮುಕ್ತಾಯದ ಚೆಂದ ವಿವರಿಸಲು ಟೈಲರ್ ಬಾಯಿ ತೆರೆದ. ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಕೇಳಿತು.

“ರೀ, ಸ್ಟೂಲು ಹಿಡ್ಕೊಂಡು ನಿಂತಿದೀನಿ. ಬನ್ನಿ.”

ಮೂವರ ಮುಖದಲ್ಲೂ ಆ ಸಂಜೆಯ ಮೊದಲ ನಗು ಕಾಣಿಸಿತು. ಟೈಲರ್ ಒಳಗೆ ಹೋದ.