ಕಾನಸೂರಿನ ನಂಬರು, ಉಮ್ಮಚಗಿಯ ದನಿ

ಮೋಸಗಾರರ ವಿಷಯದಲ್ಲಿ ನಾನು ಮೈಯೆಲ್ಲ ಕಣ್ಣಾಗಿರುವ ಮನುಷ್ಯ. ಇದನ್ನು ನನ್ನ ಹೆಂಡತಿ ಪರಿಮಳಾ ಮಾತ್ರ ಒಪ್ಪುವುದಿಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಶಿರಸಿಯ ನಮ್ಮ ಶಾಲೆಯ ಶಂಕ್ರಪ್ಪ ಮಾಸ್ತರರಿಗೆ ಯಾರೋ ಫೋನು ಮಾಡಿ, ಕಾರು ಬಹುಮಾನ ಬಂದಿದೆಯೆಂದು ನಂಬಿಸಿ, ಖಾತೆಯನ್ನು ಗುಡಿಸಿ ಸಾರಿಸಿಬಿಟ್ಟರು. ಫೋನಿನಲ್ಲಿ ಕಂಡದ್ದು ಬ್ಯಾಂಕಿನದೇ ನಂಬರು, ಮಾತಾಡಿದವನು ಇನ್ಯಾರೋ. ಅಂದೇ ನಾನು ಮನೆಯಲ್ಲಿ ಶಾಸನ ಹೊರಡಿಸಿದೆ. ಪರದೆಯ ಮೇಲಿನ ನಂಬರನ್ನು ನಂಬಕೂಡದು. ಹುಟ್ಟಿದ ವಿವರ ಯಾರಿಗೂ ಕೊಡಕೂಡದು. ಕೇಳಿದವರಿಗೆ ಸುಳ್ಳು ಹೇಳಿ ದಾರಿ ತಪ್ಪಿಸತಕ್ಕದ್ದು. (ಪಾಲಿಸಿದವನು ನಾನೊಬ್ಬನೇ.)

ಆಗ ಮಗಳು ಸ್ಫೂರ್ತಿಗೆ ವರ ಹುಡುಕುತ್ತಿದ್ದೆವು. ಆರು ಕಡೆ ಜಾತಕ ಕೂಡದೆ ತಪ್ಪಿಹೋಗಿ ಪರಿಮಳಾ ಕಂಗಾಲಾಗಿದ್ದಳು. ಏಳನೆಯದು ಉಮ್ಮಚಗಿಯ ಸಂಬಂಧ. ಹುಡುಗನ ಫೋಟೋ ಮಗಳಿಗೂ ಹಿಡಿಸಿತ್ತು. ಇದನ್ನು ತಂದವನು ಕಾನಸೂರಿನಲ್ಲಿರುವ ಪರಿಮಳಾಳ ಅಣ್ಣ ಗಣಪ.

ಆ ಭಾನುವಾರ ತಾಯಿ ಮಗಳು ಪೇಟೆಗೆ ಹೊರಟರು. "ಉಮ್ಮಚಗಿಂದ ಫೋನ್ ಬರ್ತು. ಸಮಾ ಮಾತಾಡಿ," ಎಂದು ಪರಿಮಳಾ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದಳು.

ಫೋನು ಬಂತು. ಪರದೆಯ ಮೇಲೆ ಕಾನಸೂರಿನ ಗಣಪ ಭಾವನ ನಂಬರು. ದನಿ ಮಾತ್ರ ಭಾವನದಲ್ಲ.

"ಆನು ಉಮ್ಮಚಗಿ ಮಧುಕೇಶ್ವರ. ಮಾಣಿಯ ಅಪ್ಪ."

ಹುಡುಗನ ಅಪ್ಪನಂತೆ! ಕಾನಸೂರಿನ ನಂಬರು, ಉಮ್ಮಚಗಿಯ ಮನುಷ್ಯ. ನನ್ನ ಕಿವಿ ನೆಟ್ಟಗಾಯಿತು. "ಹಂಗಾರೆ ಗಣಪ ಭಾವ ಎಲ್ಲಿದ್ದ?"

"ಉಂಡ್ಕಂಡು ಕೈ ತೊಳೆಯಲೆ ಹೋಯ್ದ. ನಿಮ್ಮ ಕೂಸಿನ ನಕ್ಷತ್ರ, ಪಾದ ಹೇಳಿ ನೋಡನ. ಭಟ್ರು ಇಲ್ಲೇ ಕೂತಿದ್ದ."

ಕಳ್ಳರು ನಮ್ಮ ಮನೆಮಾತು ಕಲಿತಿದ್ದಲ್ಲದೆ ಪುರೋಹಿತರನ್ನೂ ಸಂಬಳಕ್ಕೆ ಇಟ್ಟುಕೊಂಡಿದ್ದಾರೆಂದು ತಿಳಿದು ನನಗೆ ಅವರ ಮೇಲೆ ಸ್ವಲ್ಪ ಗೌರವವೇ ಬಂತು. ಆದರೂ ಮಗಳ ವಿವರ ಕೊಡುವಷ್ಟು ಹುಂಬ ನಾನಲ್ಲ. ಸುಳ್ಳು ಹೇಳಲು ಹೊರಟಾಗ ನಾಲಿಗೆಗೆ ಬಂದ ನಕ್ಷತ್ರ ಒಂದೇ, ಪೂಜೆಯ ಸಂಕಲ್ಪದಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿದ್ದ ನನ್ನದು.

"ಭರಣಿ, ಎರಡನೇ ಪಾದ," ಎಂದೆ.

"ಅಡ್ಡಿಲ್ಲೆ," ಎಂದು ಆತ ಫೋನಿಟ್ಟ.

ಸಂಜೆ ಅದೇ ನಂಬರಿನಿಂದ ಮತ್ತೆ ಫೋನು. "ಎತ್ತಡ, ಅಂವ ಕಳ್ಳ," ಎಂದು ನಾನು ಕೂಗುವಷ್ಟರಲ್ಲಿ ಪರಿಮಳಾ ಎತ್ತಿಯಾಗಿತ್ತು. ಈ ಸಲ ಗಣಪ ಭಾವನೇ. ಮಧ್ಯಾಹ್ನ ಉಮ್ಮಚಗಿಯವರು ಅವನ ಮನೆಗೇ ಊಟಕ್ಕೆ ಬಂದಿದ್ದರಂತೆ. ಮೂವತ್ತಾರಕ್ಕೆ ಮೂವತ್ತೆರಡು ಗುಣ ಕೂಡಿ ಭಟ್ಟರೇ ಬೆರಗಾದರಂತೆ. ನಾಳೆ ಬೆಳಿಗ್ಗೆ ಹುಡುಗಿ ನೋಡಲು ಬರುತ್ತಾರಂತೆ. ಪರಿಮಳಾಳ ಕಣ್ಣಲ್ಲಿ ನೀರು ಬಂತು.

ಬೇರೆ ದಾರಿಯಿಲ್ಲದೆ ಎಲ್ಲ ಹೇಳಿಬಿಟ್ಟೆ.

"ನಕ್ಷತ್ರ ತಗಂಡು ಯಾವ ಕಳ್ಳ ಬ್ಯಾಂಕಿಂದ ದುಡ್ಡು ತೆಗಿತಾ?" ಎಂದು ಕೇಳಿದಳು.

ಅವಳು ಅಣ್ಣನಿಂದ ಹುಡುಗನ ನಕ್ಷತ್ರ ಕೇಳಿಕೊಂಡು, ಪಂಚಾಂಗದ ಕೋಷ್ಟಕದಲ್ಲಿ ಮಗಳ ನಿಜವಾದ ನಕ್ಷತ್ರಕ್ಕೆ ಗುಣ ನೋಡಿದಳು. ಹದಿನೆಂಟಾದರೂ ಬೇಕಿತ್ತು, ಬಂದದ್ದು ಒಂಬತ್ತು.

"ನಾಳೆ ಬರಡಿ ಹೇಳಿ ಫೋನ್ ಮಾಡ್ಲಾ?" ಎಂದೆ ಮೆಲ್ಲಗೆ.

"ಎಂತಕ್ಕೆ? ಬರಲಿ. ಮಾಣಿಗೆ ಕೂಡಿದ್ದು ನಿಮ್ಮ ಜಾತಕ. ಚಾ ತಟ್ಟೆ ಹಿಡ್ಕಂಡು ನೀವೇ ಹೋಗಿ."

ಸ್ಫೂರ್ತಿ ಒಳಗೆ ಹೋಗಿ, ನಾಳೆಗೆಂದು ತೆಗೆದಿಟ್ಟಿದ್ದ ಸೀರೆ ತಂದು ನನ್ನ ಹೆಗಲಿಗೆ ಹಿಡಿದು ನೋಡಿದಳು.

"ಅಪ್ಪಂಗೆ ಹಸಿರು ಒಪ್ತು, ಆಯಿ," ಎಂದಳು.