ಸತ್ಕಾರಕ್ಕೆ ಹೋದ ಗ್ರಂಥಾಲಯ

ನಮ್ಮ ಶಾಲೆಯ ಗ್ರಂಥಾಲಯವನ್ನು ಉಳಿಸುವ ಕೆಲಸಕ್ಕೆ ನನಗಿಂತ ಯೋಗ್ಯ ಮನುಷ್ಯ ಇಡೀ ಬೀದರ ಜಿಲ್ಲೆಯಲ್ಲಿ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಈ ನಂಬಿಕೆಗೆ ಆಧಾರವೇನು ಎಂದು ನನ್ನ ಹೆಂಡತಿ ಶಕುಂತಲಾ ಕೇಳಿದಳು. ಹೆಂಡಂದಿರು ಹೀಗೆ ಏನಾದರೂ ಕೇಳುತ್ತಿರುತ್ತಾರೆ.

ನಾನಿರುವುದು ಭಾಲ್ಕಿಯಲ್ಲಿ, ಕಲಿಸುವುದು ಮೆಹಕರದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ. ನಮ್ಮ ಮಕ್ಕಳು ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಜಗಳದಲ್ಲಿ ಎರಡೂ ಮಾತಾಡುತ್ತವೆ. ಅಲ್ಲಿ ಒಂದು ಸಣ್ಣ ಕೋಣೆ, ಅದರೊಳಗೆ ಒಂದು ಕಪಾಟು, ಕಪಾಟಿನಲ್ಲಿ ಮಕ್ಕಳು ಮುಗಿಬಿದ್ದು ಓದುವ ಚಿತ್ರದ ಪುಸ್ತಕಗಳು. ಇದೇ ನಮ್ಮ ಗ್ರಂಥಾಲಯ. ಒಂದು ದಿನ ಹೆಡ್‌ಮಾಸ್ತರರು ನನ್ನನ್ನು ಕರೆದರು.

"ಮಾಸ್ತರ್ರ, ಬಿಸಿಯೂಟದ ಅಕ್ಕಿ ಇಡ್ಲಾಕ ಜಾಗಾ ಇಲ್ಲ. ನಿಮ್ಮ ಪುಸ್ತಕದ ಖೋಲಿ ಖಾಲಿ ಮಾಡ್ರಿ."

"ಅಯ್ಯ, ಮಕ್ಕಳು ಎಲ್ಲಿ ಕೂತು ಓದಬೇಕ್ರಿ?"

"ಮೊದಲ ಹೊಟ್ಟಿ, ಆಮ್ಯಾಲ ಪುಸ್ತಕ. ಮ್ಯಾಲಿನ ಸಾಹೇಬ್ರು ಖೋಲಿ ಇರ್ಲಿ ಅಂದ್ರ ನಂದೇನೂ ತಕರಾರ್ ಇಲ್ರಿ."

ಮೇಲಿನ ಸಾಹೇಬರಿಗೆ ಗ್ರಂಥಾಲಯದ ಮಹತ್ವ ತಿಳಿಸಿದರೆ ಮುಗಿಯಿತಲ್ಲ! ಮಾರನೆಯ ದಿನವೇ ಒಂದು ಶಾಲು, ಒಂದು ಹಾರ, ತೋರಿಸಲೆಂದು ಹಕ್ಕಿಗಳ ಪುಸ್ತಕ ಹಿಡಿದು ಭಾಲ್ಕಿಯ ಸಾಹೇಬರ ಕಚೇರಿಗೆ ಹೋದೆ. ಅವರ ಹುದ್ದೆಯ ಹೆಸರು ಹೇಳುವುದಿಲ್ಲ, ನನಗಿನ್ನೂ ನೌಕರಿ ಬೇಕು.

ಅಬ್ಬಾ, ಆ ಕೋಣೆ! ಆ ಮೇಜಿನ ಮೇಲೆ ನಮ್ಮ ಮೂರನೆಯ ತರಗತಿಯನ್ನು ಪೂರ್ತಿ ಕೂರಿಸಬಹುದಿತ್ತು. ಕುರ್ಚಿಯ ಬೆನ್ನಿಗೆ ಬೆಳ್ಳನೆಯ ಟವಲು. ಹಾರ ತೆಗೆದೆ. ಸಾಹೇಬರು ಕೈ ಅಡ್ಡ ಹಿಡಿದರು.

"ಹಾರ ಗೀರ ಬ್ಯಾಡ್ರಿ. ಹಾರದ ಬದಲಿ ಒಂದು ಪುಸ್ತಕ ಕೊಟ್ರ ಸಾಕು. ನಾ ಎಲ್ಲಾ ಕಡಿ ಇದೇ ಹೇಳ್ತೇನಿ."

ಎಂಥ ಮಾತು! ನನ್ನ ಕಣ್ಣು ತುಂಬಿ ಬಂತು. ಶಾಲು ಹೊದಿಸಿ ಹಕ್ಕಿಗಳ ಪುಸ್ತಕವನ್ನೇ ಅವರ ಕೈಗಿಟ್ಟೆ. ಸಾಹೇಬರು ಪುಸ್ತಕದ ಮುಖಪುಟವನ್ನು ಮೊಬೈಲಿನ ಕಡೆ ಹಿಡಿದು ಫೋಟೊ ತೆಗೆಸಿಕೊಂಡರು. ಆಮೇಲೆ, "ಖೋಲಿ ವಿಷಯ ನನ್ನ ಕೈಯಾಗ ಇಲ್ರಿ. ಬೀದರಕ ಹೋಗಿ ದೊಡ್ಡ ಸಾಹೇಬ್ರಿಗಿ ಭೇಟಿ ಆಗ್ರಿ" ಎಂದರು.

ಮನೆಯಲ್ಲಿ ಶಕುಂತಲಾ ಮೊದಲು ಕೇಳಿದ್ದು, "ಮಕ್ಕಳ ಪುಸ್ತಕ ಎಲ್ರೀ?"

"ಪ್ರಚಾರಕ್ಕ ಕೊಟ್ಟೀನಿ. ಮಾವಿನಹಣ್ಣು ಮಾರಾವ ರುಚಿಗಿ ಒಂದು ಹೋಳು ಕೊಡಂಗಿಲ್ಲೇನು?"

"ಹೋಳು ಕೊಡ್ತಾನ್ರಿ. ಬುಟ್ಟಿ ಕೊಡಂಗಿಲ್ಲ."

ಅವಳ ಮಾತನ್ನು ಕೇಳಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ನಾನು ಮಾತ್ರ ಮಕ್ಕಳ ಕೈಯಲ್ಲಿದ್ದ ಪುಸ್ತಕಗಳನ್ನೂ ಇಸಿದುಕೊಂಡು, ಒಂದೊಂದಕ್ಕೂ ಜರಿ ಕಾಗದ ಸುತ್ತಿ, ಚೀಲ ತುಂಬಿ ಬೀದರ ಬಸ್ಸು ಹತ್ತಿದೆ. ದೊಡ್ಡ ಸಾಹೇಬರಿಗೆಂದು ಎಲ್ಲಕ್ಕಿಂತ ಚೆಂದದ ತಿಮಿಂಗಿಲದ ಪುಸ್ತಕವನ್ನು ಮೇಲೆಯೇ ಇಟ್ಟಿದ್ದೆ. ಕಚೇರಿಯ ಬಾಗಿಲಲ್ಲಿ ಜವಾನ ಹೇಳಿದ, "ಸಾಹೇಬ್ರು ಔರಾದಕ ಹೋಗ್ಯಾರ್ರಿ. ಅಲ್ಲಿ ಮೀಟಿಂಗ್ ಅದ."

ಬಿಟ್ಟೇನೆಯೇ? ಔರಾದಿಗೂ ಹೋದೆ! ಸಭೆ ನಡೆದಿತ್ತು. ವೇದಿಕೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಗಣ್ಯರೇ ಗಣ್ಯರು. ಒಂದು ನಿಮಿಷ ಮೈಕು ಬೇಡಿಕೊಂಡು, ಗ್ರಂಥಾಲಯವೆಂದರೆ ಜ್ಞಾನಸಾಗರ ಎಂದೆಲ್ಲ ಗುಡುಗಿ, ತಿಮಿಂಗಿಲದ ಪುಸ್ತಕವನ್ನು ದೊಡ್ಡ ಸಾಹೇಬರಿಗೆ ಅರ್ಪಿಸಿದೆ. ಚಪ್ಪಾಳೆ ಬಿತ್ತು.

ಅಷ್ಟಕ್ಕೆ ಇಳಿದು ಬಂದಿದ್ದರೆ ಚೆನ್ನಾಗಿತ್ತು. ಆದರೆ ಪಕ್ಕದ ಕುರ್ಚಿಯವರು ನನ್ನ ಚೀಲವನ್ನೇ ನೋಡುತ್ತಿದ್ದರು. ವೇದಿಕೆಯ ಮೇಲೆ ಒಬ್ಬರಿಗೆ ಸತ್ಕಾರ ಮಾಡಿ ಇನ್ನೊಬ್ಬರನ್ನು ಬಿಡುವುದಕ್ಕಿಂತ ದೊಡ್ಡ ಅಪರಾಧ ನಮ್ಮ ಕಡೆ ಇಲ್ಲ. ಅವರಿಗೂ ಕೊಟ್ಟೆ. ಅವರ ಪಕ್ಕದವರಿಗೂ ಕೊಟ್ಟೆ. ಹಿಂದಿನ ಸಾಲಿನವರು ಕೆಮ್ಮಿದರು, ಅವರಿಗೂ ಕೊಟ್ಟೆ. ಕೊನೆಗೆ ಮೈಕು ಸರಿಮಾಡಲು ಬಂದವನು ನಿಂತೇ ಇದ್ದ. ಅವನಿಗೂ ಒಂದು!

ದೊಡ್ಡ ಸಾಹೇಬರು ಬೆನ್ನು ತಟ್ಟಿದರು. "ಮಸ್ತ್ ಮಾಡೀರಿ ಮಾಸ್ತರ್ರ! ಇಂಥಾ ಗ್ರಂಥಾಲಯ ನೋಡ್ಲೇಬೇಕು. ಸೋಮವಾರ ಬರ್ತೇನಿ. ಕಣ್ಣಿಲೆ ನೋಡೇ ಖೋಲಿ ಬಗ್ಗಿ ಹುಕುಂ ಕೊಡ್ತೇನಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಚೀಲ ಯಾಕೋ ಬಹಳ ಹಗುರ ಎನಿಸಿತು. ಆಗ ತಲೆಗೆ ಹೊಳೆಯಿತು. ಸಾಹೇಬರು ಬಂದು ನೋಡುವುದು ಏನನ್ನು?

ಕಪಾಟು ತೆರೆದರೆ ಬೆನ್ನು ಹರಿದ ಒಂದು ನಿಘಂಟು, ಯಾರದೋ ಹಳೆಯ ಗೈಡು, ಒಂದು ಪಂಚಾಂಗ. ಹೆಡ್‌ಮಾಸ್ತರರು ಹಿಂದಿನಿಂದ ಇಣುಕಿ, "ಅಕ್ಕಿ ಇಡ್ಲಾಕ ಈಗ ಏನೂ ಅಡ್ಡಿ ಇಲ್ಲ ನೋಡ್ರಿ" ಎಂದರು.

"ಹೋಗಿ ವಾಪಸ್ ಕೇಳ್ರಿ," ಎಂದಳು ಮನೆಯಲ್ಲಿ ಶಕುಂತಲಾ.

"ಮಾಡಿದ ಸತ್ಕಾರ ವಾಪಸ್ ಕೇಳ್ಲಾಕ ಬರ್ತದೇನು? ನನ್ನ ಇಜ್ಜತ್ ಏನಾಗಬೇಕು?"

"ಮಕ್ಕಳ ಪುಸ್ತಕ ಹೋಗ್ಯಾವ. ನಿಮ್ಮ ಇಜ್ಜತ್ ತಗೊಂಡು ಅವು ಓದ್ತಾವೇನ್ರಿ?"

ನಾನು ಬೇರೆ ಉಪಾಯ ಹೂಡಿದೆ. ಕಪಾಟಿಗೆ ಅಡ್ಡಲಾಗಿ ರಿಬ್ಬನ್ ಕಟ್ಟುವುದು, ಶಾಲು ಹೊದಿಸುವುದು, ಚಹಾ ಕೊಡುವುದು, ಸಾಹೇಬರು ಬೇಸತ್ತು ಎದ್ದು ಹೋಗುವಷ್ಟು ಉದ್ದ ಭಾಷಣ ಮಾಡುವುದು. ನನ್ನ ಭಾಷಣದ ಶಕ್ತಿಯ ಮೇಲೆ ನನಗೆ ಅಪಾರ ವಿಶ್ವಾಸವಿತ್ತು.

ಸೋಮವಾರ ದೊಡ್ಡ ಸಾಹೇಬರು ಬಂದರು. ಶಾಲು ಹೊದಿಸಿಕೊಂಡರು. ಭಾಷಣ ಶುರುವಾಗುವ ಮೊದಲೇ ರಿಬ್ಬನ್ ಕತ್ತರಿಸಿ ಕಪಾಟಿನ ಬಾಗಿಲು ತೆಗೆದೇಬಿಟ್ಟರು! ನಿಘಂಟು ಧೊಪ್ಪೆಂದು ಅವರ ಕಾಲ ಬಳಿ ಬಿತ್ತು.

"ಪುಸ್ತಕ ಎಲ್ರಿ?"

ನಾನು ಭಾಷಣದ ದನಿಯಲ್ಲೇ ಶುರುಮಾಡಿದೆ. "ಮಾನ್ಯರೇ, ಪುಸ್ತಕಗಳು ಸದ್ಯಕ್ಕೆ ಪ್ರಚಾರ ಕಾರ್ಯದ ನಿಮಿತ್ತ ಹೊರಗೆ ಹೋಗಿವೆ!"

ಆಗ ನೆಲದ ಮೇಲೆ ಕೂತಿದ್ದ ಮಕ್ಕಳ ನಡುವಿನಿಂದ ಆರನೆಯ ತರಗತಿಯ ರೇಣುಕಾ ಎದ್ದು ನಿಂತಳು. "ಸಾಹೇಬ್ರ, ತಿಮಿಂಗಿಲದ ಪುಸ್ತಕ ನಿಮ್ಮ ಕಡಿ ಅದಲ್ರಿ? ನಿಮಗೇ ಕೊಟ್ಟೀನಂತ ಸರ್ ಹೇಳಿದ್ರು."

"ಹೂಂ, ಅದ."

"ಓದಿದ್ರೇನ್ರಿ? ಮರಿ ಉಳೀತೇನ್ರಿ?"

"ಏ, ಸುಮ್ನ ಕೂಡು!" ಎಂದು ಗದರಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಮರಿ ನೀರಾಗ ಹುಟ್ಟಿತ್ರಿ. ಅದಕ್ಕ ಉಸಿರು ತಗೋಬೇಕಿತ್ತು. ಅಲ್ಲಿತನಾ ಓದಿದ್ದೆ. ಅಷ್ಟರಾಗ ಸರ್ ಪುಸ್ತಕ ಕಸಗೊಂಡು ಹೋದ್ರು."

ಸಾಹೇಬರು ಹೆಡ್‌ಮಾಸ್ತರರನ್ನು ನೋಡಿದರು, ಹೆಡ್‌ಮಾಸ್ತರರು ನನ್ನನ್ನು ನೋಡಿದರು, ನಾನು ನಿಘಂಟನ್ನು ನೋಡಿದೆ. ಆ ಮರಿ ಉಳಿಯಿತೋ ಇಲ್ಲವೋ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ!

ಸಾಹೇಬರು ಡ್ರೈವರನಿಗೆ ಮೆಲ್ಲಗೆ ಏನೋ ಹೇಳಿದರು. ಅವನು ಜೀಪಿನಿಂದ ಪುಸ್ತಕ ತಂದ. ನಾನು ಸುತ್ತಿದ ಜರಿ ಕಾಗದ ಹಾಗೆಯೇ ಇತ್ತು. ಸಾಹೇಬರ ಮುಖ ಕೆಂಪಾಯಿತು. ರೇಣುಕಾ ಪರ್ರನೆ ಕಾಗದ ಹರಿದು, ಹಾಳೆ ಹುಡುಕಿ, ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ತಾಯಿ ತಿಮಿಂಗಿಲ ಮರಿಯ ಹೊಟ್ಟೆಯ ಕೆಳಗೆ ನುಸುಳಿತು. ತನ್ನ ಮೈಯಿಂದ ಅದನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ, ಬೆಳಕಿನ ಕಡೆ ತಳ್ಳಿತು. ಅವಳು ಹಾಳೆ ತಿರುವಲು ನಿಲ್ಲಿಸಿದಳು.

"ಮುಂದ?" ಎಂದ ದನಿ ಮಗುವಿನದಲ್ಲ. ದೊಡ್ಡ ಸಾಹೇಬರು ಯಾವಾಗಲೋ ಶಾಲು ತೆಗೆದಿಟ್ಟು ಮಕ್ಕಳ ನಡುವೆ ಚಾಪೆಯ ಮೇಲೆ ಕೂತುಬಿಟ್ಟಿದ್ದರು!

ಮರಿ ನೀರಿನ ಮೇಲೆ ಬಂದು ಮೊದಲ ಉಸಿರು ತೆಗೆದುಕೊಂಡಾಗ ಇಡೀ ಕೋಣೆ ಉಸಿರುಬಿಟ್ಟಿತು. ಸಮುದ್ರವನ್ನು ಕಂಡೇ ಇರದ ಆ ಮಕ್ಕಳ ಮುಖಗಳನ್ನು ನೋಡಿ ನನ್ನ ಮೈ ಜುಂ ಎಂದಿತು. ನಾನು ಊರೂರು ತಿರುಗಿ ಮೈಕಿನಲ್ಲಿ ಕೂಗಿ ಹೇಳಲಾಗದ್ದನ್ನು ಈ ಹುಡುಗಿ ನಿಂತಲ್ಲೇ ಓದಿ ಮುಗಿಸಿದ್ದಳು.

ಸಾಹೇಬರು ಎದ್ದು ಹೆಡ್‌ಮಾಸ್ತರರಿಗೆ ಹೇಳಿದರು, "ಖೋಲಿ ಪುಸ್ತಕಕ್ಕೇ ಇರ್ಲಿ. ಅಕ್ಕಿಗಿ ಬ್ಯಾರೆ ಜಾಗಾ ನಾ ಮಾಡಿಸ್ತೇನಿ. ಉಳದವ್ರ ಕಡೀಲಿಂದ ಪುಸ್ತಕಾನೂ ವಾಪಸ್ ಕಳಸ್ತೇನಿ."

ನನಗೆ ಸಂತೋಷ ಉಕ್ಕಿ ಬಂತು. ಅಂಥ ಮಹನೀಯರನ್ನು ಬರಿಗೈಯಲ್ಲಿ ಕಳಿಸುವುದೇ? ನನ್ನ ಕೈ ತಾನಾಗಿ ತಿಮಿಂಗಿಲದ ಪುಸ್ತಕದ ಕಡೆ ಚಾಚಿತು. ರೇಣುಕಾ ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಮಾಸ್ತರ್ರ," ಎಂದರು ಸಾಹೇಬರು ಕೈ ಮುಗಿದು, "ಗ್ರಂಥಾಲಯ ಉಳೀಬೇಕಂದ್ರ ಒಂದು ಉಪಕಾರ ಮಾಡ್ರಿ. ಇನ್ನ ಪ್ರಚಾರ ಬ್ಯಾಡ." ಕಪಾಟಿನ ಕೀಲಿಯನ್ನು ನನ್ನಿಂದ ಇಸಿದುಕೊಂಡು ರೇಣುಕಾಳ ಕೈಗೆ ಕೊಟ್ಟರು.

ಪುಸ್ತಕಗಳು ಒಂದೊಂದಾಗಿ ತಿರುಗಿ ಬಂದವು. ಮೊನ್ನೆ ಹೋಗಿ, "ರೇಣುಕಾ, ಹಕ್ಕಿ ಪುಸ್ತಕ ಕೊಡವ್ವ" ಎಂದೆ.

"ಯಾರಿಗಿ ಕೊಡ್ಲಾಕ್ರಿ ಸರ್?"

"ಯಾರಿಗೂ ಇಲ್ಲ. ನಾನೇ ಓದ್ತೇನಿ."

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಮನಿಗಿ ಒಯ್ಯಬ್ಯಾಡ್ರಿ. ಇಲ್ಲೇ ಕೂತು ಓದ್ರಿ."

ಚಾಪೆಯ ಮೇಲೆ ಕೂತು ಓದಿದೆ. ಬಹಳ ಚೆಂದದ ಪುಸ್ತಕ. ಭಾಲ್ಕಿಯ ಸಾಹೇಬರಿಗೆ ಕೊಡುವ ಮೊದಲು ನಾನೂ ಅದನ್ನು ತೆರೆದು ನೋಡಿರಲಿಲ್ಲ!